ಸೆಲ್ಫ್ ಹೊಡಿ

ಮೇ ೩, ಶನಿವಾರ

ಇದು ಫಿಸಿಕ್ಸ್ ಲ್ಯಾಬ್ ರೆಕಾರ್ಡ್ ಪುಸ್ತಕ. ಮೊದಲ ಹನ್ನೊಂದು ಪುಟ ಪ್ರಯೋಗಗಳು, ಮಿಕ್ಕಿದ್ದು ಖಾಲಿ. ಫಸ್ಟ್ ಇಯರ್ ಪರೀಕ್ಷೆ ಮುಗಿದು ಹಾಸ್ಟೆಲಿಗೆ ಬೀಗ ಹಾಕಿದ್ದಾರೆ, ಆರು ವಾರ. ಐದನೇ ಕ್ಲಾಸಿನಿಂದ ಬೆಲ್ಲಿಗೆ ಎದ್ದು, ಬೆಲ್ಲಿಗೆ ಉಂಡು, ಬೆಲ್ಲಿಗೆ ಮಲಗಿದವನು ನಾನು. ಆರು ವಾರ ಮನೆಯಲ್ಲಿರುವುದು ಹೇಗೆ ಅನ್ನುವುದು ಯಾವ ಸಿಲಬಸ್ಸಿನಲ್ಲೂ ಇರಲಿಲ್ಲ.

ಇಲ್ಲಿ ಬೆಲ್ ಅಂದರೆ ಕಾರು. ಅಪ್ಪನ ಕೆಂಪು ಸ್ಪೋರ್ಟ್ಸ್ ಕಾರು ನನಗಿಂತ ಹತ್ತು ವರ್ಷ ಹಿರಿಯದು. ಎರಡೇ ಬಾಗಿಲು, ಉದ್ದ ಮೂತಿ, ಹಿಂದಿನ ಸೀಟು ಹೆಸರಿಗಷ್ಟೇ. ಅಪ್ಪ ಡ್ರೈವಿಂಗ್ ಸ್ಕೂಲ್ ನಡೆಸುತ್ತಾರೆ. ಕಲಿಯಲು ಬಂದವರು ಕ್ಲಚ್ ಬಿಟ್ಟು ಗೋಡೆಗೆ ಗುದ್ದಿದರೂ "ಸಮಾಧಾನ, ಸಮಾಧಾನ" ಅನ್ನುತ್ತಾರೆಯೇ ಹೊರತು ದನಿ ಏರಿಸುವುದಿಲ್ಲವಂತೆ. ಊರಿಗೆಲ್ಲ ಅಪ್ಪ ಅಂದರೆ ಬೆಣ್ಣೆ.

ಬೆಳಿಗ್ಗೆ ಏಳೂವರೆಗೆ ಕಾರಿಗೆ ಕೀ ಹಾಕುತ್ತಾರೆ. ಒಂದೇ ಸಲಕ್ಕೆ ಸ್ಟಾರ್ಟ್ ಆದರೆ ಅಮ್ಮ ಅಡುಗೆಮನೆಯಲ್ಲಿ ಉಸಿರು ಬಿಡುತ್ತಾಳೆ. ಎರಡನೇ ಸಲಕ್ಕೂ ಆಗದಿದ್ದರೆ ಒಲೆ ಆರಿಸುತ್ತಾಳೆ. ಮೂರನೇ ಸಲಕ್ಕೂ ಆಗದಿದ್ದರೆ ಗುಬ್ಬಿಗೆ "ಬಚ್ಚಲಮನೆಗೆ ಹೋಗಿ ಚಿಲಕ ಹಾಕ್ಕೊ" ಅನ್ನುತ್ತಾಳೆ. ಗುಬ್ಬಿ ನನ್ನ ತಂಗಿ, ಹನ್ನೆರಡು ವರ್ಷ.

ಇವತ್ತು ಮೂರನೇ ಸಲಕ್ಕೂ ಆಗಲಿಲ್ಲ. ಅಪ್ಪ ಒಳಗೆ ಬಂದರು. "ಸಮಾಧಾನ, ಸಮಾಧಾನ" ಅಂದರು, ತಮಗೆ ತಾವೇ. ಆಮೇಲೆ ಅಮ್ಮನ ಕೂದಲು ಹಿಡಿದು ತಲೆಯನ್ನು ಕಪಾಟಿನ ಬಾಗಿಲಿಗೆ ಗುದ್ದಿದರು. ಎರಡು ಸಲ. ಒಳಗಿದ್ದ ಲೋಟಗಳು ಜಣಜಣ ಅಂದವು. ನಾನು ಮೂರು ಅಡಿ ದೂರದಲ್ಲಿ ಬ್ರೆಡ್ ಹಿಡಿದು ನಿಂತಿದ್ದೆ. ಕೊನೆಗೆ ನೋಡಿದರೆ ಬ್ರೆಡ್ ನನ್ನ ಮುಷ್ಟಿಯಲ್ಲಿ ಉಂಡೆಯಾಗಿತ್ತು.

ಹತ್ತು ನಿಮಿಷಕ್ಕೆ ಅಮ್ಮ, ಹಣೆಯ ಮೇಲೆ ಬುಗುಟು ಎದ್ದವಳು, ಬಾಗಿಲಿಗೆ ಬಂದು "ಟೀ ಆಯ್ತು, ಬನ್ನಿ" ಅಂದಳು. ನಮ್ಮ ಮನೆಯಲ್ಲಿ 'ಬನ್ನಿ' ಅಪ್ಪನಿಗೊಬ್ಬರಿಗೇ. ನಮಗೆ 'ಬಾರೋ', 'ಬಾರೇ', ಹೆಚ್ಚೆಂದರೆ 'ಬಂದು ತಿಂದು ಸಾಯ್ರಿ'.

ಉಗುರು ಕಚ್ಚಿ ಕಚ್ಚಿ ಇನ್ನು ಕಚ್ಚಲು ಏನೂ ಉಳಿದಿಲ್ಲ.

ಮೇ ೪, ಭಾನುವಾರ

ಅಪ್ಪ ಅಂಗಳಕ್ಕೆ ಕರೆದು ಬಾನೆಟ್ ಒರೆಸಲು ಬಟ್ಟೆ ಕೊಟ್ಟರು. ಒಂದು ಬದಿ ನಾನು, ಇನ್ನೊಂದು ಬದಿ ಅವರು.

"ನಿಮ್ಮಮ್ಮ ಏನಾದ್ರೂ ಅಂದ್ಲಾ?"

"ಇಲ್ಲ."

"ಹೊಡೀಬೇಕು ಅಂತ ಹೊಡೆಯಲ್ಲ ಕಣೋ ನಾನು. ಕೈ ತಾನಾಗೇ ಹೋಗುತ್ತೆ. ಈ ಕಾರು ಹೀಗೆ ಕೈ ಕೊಡದೇ ಇದ್ದಿದ್ರೆ ನಂಗೇನು ಸಿಟ್ಟು?"

ಕೈ ಕೊಟ್ಟದ್ದು ಕಾರು, ಕೈ ಹೋದದ್ದು ಅಪ್ಪನದು, ಬುಗುಟು ಅಮ್ಮನದು. ಕೈ ಏನು ಹಗ್ಗ ಬಿಚ್ಚಿದ ನಾಯಿಯೇ, ತಾನಾಗಿ ಹೋಗಲು? ಇದೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಅಂಗಳದಲ್ಲಿ ಅಂದದ್ದು "ಹೌದಪ್ಪ" ಅಂತ.

ಆದರೆ ಒಂದು ಪಾಯಿಂಟ್ ಇದೆ. ಏಟು ಬೀಳುವುದು ಕಾರು ಕೆಟ್ಟ ದಿನ. ಗುಬ್ಬಿಯನ್ನು ಕೇಳಿದೆ. "ಜಾಸ್ತಿ ಅವತ್ತೇ" ಅಂದಳು. ಸಿಂಪಲ್. ಕಾರಣ ಸರಿಪಡಿಸಿದರೆ ಪರಿಣಾಮ ನಿಲ್ಲುತ್ತದೆ.

ಮೇ ೭, ಬುಧವಾರ

ಅಪ್ಪ ಗುಬ್ಬಿಯನ್ನು ಸಂಗೀತದ ಕ್ಲಾಸಿಗೆ ಬಿಡಲು ಹೋದಾಗ ನಾಲ್ಕು ರಸ್ತೆ ಕೂಡುವಲ್ಲಿ, ಸಿಗ್ನಲ್ ಹಸಿರಾದ ಹೊತ್ತಿಗೆ, ಕಾರು ಗಪ್ ಅಂತ ಸತ್ತಿತಂತೆ. ದೀಪ, ವೈಪರ್, ಎಲ್ಲ ಒಟ್ಟಿಗೆ. ಹಿಂದಿನಿಂದ ಹಾರ್ನ್ ಹೊಡೆದರು. ಯಾರೋ "ಡ್ರೈವಿಂಗ್ ಕಲಿಸೋನಿಗೇ ಡ್ರೈವಿಂಗ್ ಬರಲ್ಲ" ಅಂದರಂತೆ. ಗುಬ್ಬಿ ನಕ್ಕುಬಿಟ್ಟಳು. ಭಯಕ್ಕೆ ನಕ್ಕೆ ಅನ್ನುತ್ತಾಳೆ.

ಅಪ್ಪ ಕೀಗೊಂಚಲು ಕಿತ್ತು ಅದರಿಂದಲೇ ಹೊಡೆದಿದ್ದಾರೆ. ಆ ಗೊಂಚಲಿನಲ್ಲಿ ಸ್ಕೂಲಿನ ಬೀಗಗಳ ಕೀಗಳು, ಬಾಟಲಿ ತೆರೆಯುವ ಹಿತ್ತಾಳೆಯ ಓಪನರ್, ಎಲ್ಲ ಸೇರಿ ಅಂಗೈ ತುಂಬ ಲೋಹ. ಎಡಗಣ್ಣಿನ ಹುಬ್ಬು ಸೀಳಿ ಮೂರು ಹೊಲಿಗೆ. ಅವಳ ಬಿಳಿ ಅಂಗಿಯ ಕಾಲರ್ ಕಂದಾಗಿತ್ತು. ಹೊಲಿಗೆ ಹಾಕಿದವರಿಗೆ "ಬಾಗಿಲಿಗೆ ತಾಗಿತು" ಅಂದಳಂತೆ. ಅಮ್ಮ ಹೇಳಿಕೊಡಬೇಕಾಗಿರಲಿಲ್ಲ.

ಕಾಲರನ್ನು ನಾನೇ ಸೋಪು ಹಾಕಿ ತಿಕ್ಕಿದೆ, ಕಲೆ ಹೋಗಲಿಲ್ಲ. 

ಮೇ ೮, ಗುರುವಾರ

ಕೇಳಿಯೇ ಬಿಟ್ಟೆ. ಮಾತು ಹೊರಬರುವ ಮೊದಲು ನೂರರಿಂದ ಒಂದರವರೆಗೆ ಎಣಿಸಿದೆ.

"ಅಪ್ಪ, ಅದು ಇಗ್ನಿಷನ್ ಸ್ವಿಚ್ ಇರಬಹುದು. ನಾನು ಬದಲಾಯಿಸಲಾ?"

ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. "ಒಂದು ವರ್ಷ ಇಂಜಿನಿಯರಿಂಗ್ ಓದಿದ್ದಕ್ಕೆ ಸಾಹೇಬರಿಗೆ ಕೊಂಬು ಬಂತು. ಮಾಡು. ಸೋಮವಾರ ಏಳೂವರೆಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗ್ಬೇಕು. ಆಗ್ಲಿಲ್ಲ ಅಂದ್ರೆ ನಿಮ್ಮಮ್ಮನ್ನ ಕೇಳ್ತೀನಿ, ಎಂಥ ಮಗನ್ನ ಹೆತ್ತೆ ಅಂತ."

ಅಮ್ಮನನ್ನೇ ಕೇಳುತ್ತಾರಂತೆ. ನನ್ನನ್ನಲ್ಲ.

ಮೇ ೯, ಶುಕ್ರವಾರ

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಬ್ಯಾಟರಿ ಮತ್ತು ವೈರಿಂಗ್ ಅಂಗಡಿ. ನಡೆಸುವವಳನ್ನು ಎಲ್ಲರೂ ಬ್ಯಾಟರಿ ಅಕ್ಕ ಅನ್ನುತ್ತಾರೆ. ಐವತ್ತು ದಾಟಿದೆ, ಕುತ್ತಿಗೆಯಲ್ಲಿ ಸರದ ಹಾಗೆ ಟೆಸ್ಟ್ ಲ್ಯಾಂಪ್ ನೇತಾಡುತ್ತದೆ: ಒಂದು ಸಣ್ಣ ಬಲ್ಬು, ಒಂದು ಮೊನೆ, ಒಂದು ವೈರು. ತಾಗಿಸಿದಲ್ಲಿ ಕರೆಂಟ್ ಇದ್ದರೆ ಬಲ್ಬು ಹತ್ತುತ್ತದೆ.

ನಾನು ಲಕ್ಷಣಗಳನ್ನೆಲ್ಲ ಕಾಗದದಲ್ಲಿ ಬರೆದುಕೊಂಡು ಹೋಗಿ ಓದಿದೆ. ಅವಳು ಕೇಳಿಸಿಕೊಂಡು, "ಡಾಕ್ಟರೇ, ರೋಗಿ ಹೆಸರು ಹೇಳೋದು ಮರೆತ್ರಲ್ಲ. ಯಾವ ಗಾಡಿ?" ಅಂದಳು.

ಹೇಳಿದೆ. ಅವಳ ಮುಖ ಬದಲಾಯಿತು. "ಆ ಕೆಂಪು ಕಾರಾ? ನೀನು ಅವನ ಮಗನಾ?" ತನ್ನ ಮರದ ಮೇಜಿನ ಅಂಚನ್ನು ಒಮ್ಮೆ ಸವರಿದಳು. ಬರುವುದಿಲ್ಲ ಅನ್ನುತ್ತಾಳೇನೋ ಅಂದುಕೊಂಡೆ. "ಭಾನುವಾರ ಬರ್ತೀನಿ. ಅವನು ಮನೇಲಿ ಇರಬಾರ್ದು" ಅಂದಳು.

ಮೇ ೧೧, ಭಾನುವಾರ

ಇದನ್ನು ಸರಿಯಾಗಿ ಬರೆಯಬೇಕು.

ಕಾರನ್ನೂ ಗೊಂಚಲನ್ನೂ ನನಗೆ ಬಿಟ್ಟು, ಸ್ಕೂಲಿನ ಕೀ ಒಂದನ್ನು ಮಾತ್ರ ಕಳಚಿಕೊಂಡು ಅಪ್ಪ ಹೋದ ಮೇಲೆ ಅಕ್ಕ ಬಂದಳು. ಮೊದಲ ಪಾಠ: "ಮೈನಸ್ ಬಿಚ್ಚು. ಕರೆಂಟ್ ಇರೋವಾಗ ಕೈ ಹಾಕ್ಬಾರ್ದು." ಬ್ಯಾಟರಿಯ ಮೈನಸ್ ಬಿಚ್ಚಿದೆ. ಸ್ಟೀರಿಂಗ್ ಕೆಳಗಿನ ಕವಚ ತೆಗೆದೆವು. ಕೀ ತಿರುಗುವುದು ಬೀಗದಲ್ಲಿ. ಬೀಗದ ಬೆನ್ನಿಗೆ ಅಂಟಿಕೊಂಡು ಬೆಂಕಿಪೆಟ್ಟಿಗೆಯಷ್ಟು ಕಪ್ಪು ಡಬ್ಬಿ. ಅದೇ ಸ್ವಿಚ್. ಎರಡು ಪುಟ್ಟ ಸ್ಕ್ರೂ. ನಾನು ಗಡಿಬಿಡಿಯಲ್ಲಿ ಒತ್ತಿ ತಿರುಗಿಸಿದೆ, ಸ್ಕ್ರೂಡ್ರೈವರ್ ಜಾರಿತು.

"ಬಲ ಹಾಕ್ಬೇಡ್ವೋ. ಸಿಟ್ಟಲ್ಲಿ ಸ್ಕ್ರೂ ಮುಟ್ಟಿದ್ರೆ ಮೊದಲು ಅದರ ತಲೆ ಕೆಡುತ್ತೆ, ಆಮೇಲೆ ನಿಂದು."

ಹಳೆಯ ಸ್ವಿಚ್ಚನ್ನು ಬಿಡಿಸಿ ತೋರಿಸಿದಳು. ಒಳಗಿನ ತಾಮ್ರ ಸುಟ್ಟು ಗುಳಿ ಬಿದ್ದಿತ್ತು. ಕೀಗೊಂಚಲನ್ನು ಅಂಗೈಯಲ್ಲಿ ತೂಗಿ, "ಓಡೋ ಗಾಡೀಲಿ ಇಷ್ಟು ಭಾರ ನೇತುಹಾಕಿದ್ರೆ ಯಾವ ಸ್ವಿಚ್ ತಾನೇ ಬದುಕುತ್ತೆ? ಕೀ ಒಂಟಿಯಾಗಿರ್ಬೇಕು" ಅಂದಳು. ಓಪನರ್ ಅಂಚಿನಲ್ಲಿ ಏನೋ ಒಣಗಿತ್ತು. ಅವಳು ಗುಬ್ಬಿಯ ಹುಬ್ಬು ನೋಡಿದಳು, ಮತ್ತೆ ಗೊಂಚಲು ನೋಡಿದಳು.  ಕೀಯನ್ನು ಗೊಂಚಲಿನಿಂದ ಬಿಡಿಸಿ ನನಗೆ ಕೊಟ್ಟಳು.

ಹೊಸ ಸ್ವಿಚ್ ಕೂರಿಸಿ, ಮೈನಸ್ ಹಾಕಿ, ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದಳು. ತಾನು ಎತ್ತಿದ ಬಾನೆಟ್ಟಿನ ಆಚೆ ಟೆಸ್ಟ್ ಲ್ಯಾಂಪ್ ಹಿಡಿದು ನಿಂತು ಕೂಗಿದಳು: "ಸೆಲ್ಫ್ ಹೊಡಿ!"

ನಾನು ಹೊಡೆದುಕೊಂಡೆ. ನನ್ನ ಕೆನ್ನೆಗೆ ನಾನೇ, ಫಟ್ ಅಂತ.

ಹಾಸ್ಟೆಲಿನಲ್ಲಿ ಅದರ ಹೆಸರೇ 'ಸೆಲ್ಫ್'. ವಾರ್ಡನ್ ಹುಡುಗರ ಮೇಲೆ ಕೈ ಎತ್ತಿದರೆ ಕಂಪ್ಲೇಂಟ್ ಹೋಗುತ್ತದೆ. ಅದಕ್ಕೆ ಕೈಕಟ್ಟಿ ನಿಂತು "ಸೆಲ್ಫ್, ಹತ್ತು" ಅನ್ನುತ್ತಿದ್ದರು. ನಮ್ಮ ಕೆನ್ನೆಗೆ ನಾವೇ ಹತ್ತು. ಮೆತ್ತಗೆ ಹೊಡೆದುಕೊಂಡರೆ ಮತ್ತೆ ಒಂದರಿಂದ.

"ಏನದು ಸದ್ದು?" ಅಕ್ಕ ಬಾನೆಟ್ ಬಳಸಿ ಬಂದಳು. ಕೆನ್ನೆ ನೋಡಿದಳು. "ಅಯ್ಯೋ ಪುಣ್ಯಾತ್ಮ, ಕಾರಿನ ಸೆಲ್ಫು ಕಣೋ! ಸ್ಟಾರ್ಟರು!" ಅಂತ ಹೊಟ್ಟೆ ಹಿಡಿದು ನಕ್ಕಳು. ನಾನೂ ನಕ್ಕೆ. ಕನ್ನಡದಲ್ಲಿ ಎಲ್ಲವೂ ಹೊಡೆಯುವುದೇ ತಾನೇ, ಗಾಡಿ ಹೊಡಿ, ಹಾರ್ನ್ ಹೊಡಿ, ಬಣ್ಣ ಹೊಡಿ, ಕಾಪಿ ಹೊಡಿ, ಕೊನೆಗೆ ಮಲಗಿದರೂ ಗೊರಕೆ ಹೊಡಿ. ಅರ್ಧ ಇಂಗ್ಲಿಷಿನವನಿಗೆ ಹೇಗೆ ತಿಳಿಯಬೇಕು?

ಅಕ್ಕನ ನಗು ನಡುವೆಯೇ ನಿಂತಿತು. "ಹೇಳಿದ ತಕ್ಷಣ ಹೊಡ್ಕೊಂಡ್ಯಲ್ಲೋ. ಯಾಕೆ ಅಂತಾನೂ ಕೇಳ್ಲಿಲ್ಲ."

ಕೀ ತಿರುಗಿಸಿದೆ. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಹೋಗುವಾಗ ಅವಳು ಹೇಳಿದಳು: "ಬೀಗ ಅದೇ, ಕೀ ಅದೇ. ಹಿಂದೆ ಕೂತಿರೋನು ಮಾತ್ರ ಹೊಸಬ."

ಮೇ ೧೨, ಸೋಮವಾರ

ಒಂದೇ ಸಲಕ್ಕೆ! ಅಮ್ಮ ಸೌಟು ಹಿಡಿದುಕೊಂಡೇ ಅತ್ತಳು. ಅಪ್ಪ ಗೇಟಿನ ಬಳಿ ಹಾರ್ನ್ ಹೊಡೆದರು, ಎರಡು ಸಲ, ಖುಷಿಗೆ. ಗುಬ್ಬಿ ನನಗೆ ಸಲ್ಯೂಟ್ ಹೊಡೆದಳು.

ಮೇ ೧೬, ಶುಕ್ರವಾರ

ಐದು ದಿನ, ಐದು ಸಲ, ಐದಕ್ಕೆ ಐದು. ಮನೆಯಲ್ಲಿ ಒಂದು ಏಟಿಲ್ಲ. ಅಮ್ಮ ಹಾಡು ಗುನುಗಿದ್ದು ಕೇಳಿದೆ. ಅವಳಿಗೆ ಹಾಡಲು ಬರುವುದಿಲ್ಲ ಅಂತ ಇವತ್ತೇ ಗೊತ್ತಾದದ್ದು.

ಮೇ ೧೭, ಶನಿವಾರ

ಕಾರು ಚೆನ್ನಾಗಿಯೇ ಇತ್ತು. ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗಿತ್ತು.

ಮಧ್ಯಾಹ್ನ ಅಮ್ಮ ಕಾರಿನ ಒಳಗೆ ಧೂಳು ಒರೆಸಿದಳು. ಕೂರಲು ಸೀಟನ್ನು ಒಂದು ಹಲ್ಲು ಮುಂದೆ ಎಳೆದುಕೊಂಡಿದ್ದಳು, ಹಿಂದೆ ತಳ್ಳಲು ಮರೆತಳು. ಅಪ್ಪ ಕೂತಾಗ ಮೊಣಕಾಲು ಸ್ಟೀರಿಂಗಿಗೆ ತಾಗಿತು. ಇಷ್ಟೇ. ಇಷ್ಟೇ. ಅಂಗಳದಲ್ಲೇ, "ಸಮಾಧಾನ, ಸಮಾಧಾನ" ಅನ್ನುತ್ತಾ ಬಂದು ಅಂಗೈ ಬಿಚ್ಚಿ ಅಮ್ಮನ ಕಿವಿಯ ಮೇಲೆ ಬಾರಿಸಿದರು. ಟೈರ್ ಒಡೆದಂಥ ಸದ್ದು. ಅಮ್ಮ ನಿಂತಲ್ಲೇ ಕುಸಿದು ಕೂತಳು. ಕಿವಿಯಿಂದ ತೆಳ್ಳಗೆ ರಕ್ತ ಇಳಿದು ಕುತ್ತಿಗೆಗೆ ಬಂತು. ಅವರು ಚಪ್ಪಲಿ ಕಾಲಲ್ಲಿ ಅವಳ ಹೊಟ್ಟೆಗೆ ಒದ್ದರು. ಮತ್ತೊಮ್ಮೆ ಕಾಲೆತ್ತಿದರು.

ನಾನು ಸ್ಟೆಪ್ನಿ ನೋಡುತ್ತಿದ್ದೆ. ವೀಲ್ ಸ್ಪ್ಯಾನರ್ ನನ್ನ ಕೈಯಲ್ಲೇ ಇತ್ತು. ಅದು ಅಪ್ಪನ ಮೊಣಕೈಗಿಂತ ಕೆಳಗೆ ಬಿತ್ತು. ಒಣ ರೆಂಬೆ ಮುರಿದ ಹಾಗೆ ಕೇಳಿಸಿತು. ಅಪ್ಪ ಬಾನೆಟ್ ಮೇಲೆ ಒರಗಿ ಜಾರಿದ. ಬಾಯಿ ತೆರೆದಿತ್ತು, ಸದ್ದಿರಲಿಲ್ಲ. ಅಂಥ ಮುಖವನ್ನು ನಾನು ಯಾವತ್ತೂ ನೋಡಿರಲಿಲ್ಲ. ಬಹಳ ಹೊತ್ತು ನೋಡಿದೆ.

ನಾನು ಹೊಡೆಯಬೇಕು ಅಂತ ಹೊಡೆದದ್ದಲ್ಲ. ಕೈ ತಾನಾಗಿಯೇ ಹೋಯಿತು.

ಒಂದೇ ಏಟು. ಗುಬ್ಬಿ ನಾಲ್ಕು ಅನ್ನುತ್ತಾಳೆ. ಗಣಿತದಲ್ಲಿ ಅವಳು ಮೊದಲಿನಿಂದಲೂ ವೀಕು.

ಮೇ ೧೮, ಭಾನುವಾರ

ಅಪ್ಪನ ಕೈಮೂಳೆ ಎರಡು ಕಡೆ ಮುರಿದಿದೆ, ಎರಡು ಪಕ್ಕೆಲುಬು ಬಿರುಕು. ಆಸ್ಪತ್ರೆಯಲ್ಲಿ ಅಮ್ಮ, ಒಂದು ಕಿವಿಗೆ ಹತ್ತಿ ತುರುಕಿಕೊಂಡವಳು, "ಜಾಕ್ ಜಾರಿ ಕಾರು ಮೇಲೆ ಬಿತ್ತು" ಅಂದಳು. ತಡವರಿಸಲಿಲ್ಲ. ಅಪ್ಪ ಹೌದು ಅಂತ ತಲೆ ಅಲ್ಲಾಡಿಸಿದ. ಏಟು ತಿಂದು ಸುಳ್ಳು ಹೇಳುವವರ ಕಡೆಗೆ ಅವನೂ ಸೇರಿದ ಈಗ.

ಹತ್ತು ಗಂಟೆ ನಿದ್ದೆ ಹೊಡೆದೆ.

ಮೇ ೨೧, ಬುಧವಾರ

ಅಪ್ಪ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಕೂತಿರುತ್ತಾನೆ. ಸ್ಕೂಲಿಗೆ ರಜೆ. ನಾನು ಹತ್ತಿರ ಹೋದರೆ ಪ್ಲಾಸ್ಟರ್ ಹಾಕಿದ ಕೈಯನ್ನು ಎದೆಗೆ ಎಳೆದುಕೊಳ್ಳುತ್ತಾನೆ. "ಕೀ ಎಲ್ಲಿ?" ಅಂದೆ. ಕೊಟ್ಟ. "ಎಲ್ಲಾ ಕೀ" ಅಂದೆ. ಗೊಂಚಲೂ ಕೊಟ್ಟ. ಕಳೆಯಬಾರದು ಅಂತ ಕಾರಿನ ಕೀಯನ್ನು ಅದಕ್ಕೇ ಪೋಣಿಸಿದೆ. ಜೇಬಿನಲ್ಲಿ ಭಾರ ಚೆನ್ನಾಗಿದೆ.

ಕಾರನ್ನು ನಾನೇ ಓಡಿಸಿದೆ. ಡ್ರೈವಿಂಗ್ ಹಾಸ್ಟೆಲಿನ ಗೆಳೆಯನ ಗಾಡಿಯಲ್ಲಿ ಕಲಿತದ್ದು, ಅಪ್ಪ ಊರಿಗೆಲ್ಲ ಕಲಿಸಿದ, ನನಗೆ ಕಲಿಸಲಿಲ್ಲ. ಕಿವಿ ಡಾಕ್ಟರ ಬಳಿ ಅಮ್ಮನನ್ನು ಕರೆದುಕೊಂಡು ಹೋದೆ. ಆ ಕಿವಿ ಇನ್ನು ಅಷ್ಟಕ್ಕಷ್ಟೇ ಅಂದರು. ಎರಡೆರಡು ಸಲ ಹೇಳಬೇಕು ಅವಳಿಗೆ, ಮೂರನೇ ಸಲ ಕಿರುಚಬೇಕು. ಕಿರುಚಿದರೆ ಬೆಚ್ಚುತ್ತಾಳೆ. ಕೇಳಿಸಲ್ಲ ಅಂತಲೇ ತಾನೇ ಕಿರುಚುವುದು?

ಉಗುರು ಕತ್ತರಿಸಿಕೊಂಡೆ. ಕತ್ತರಿಸಲು ಉಗುರಿತ್ತು.

ಮೇ ೨೪, ಶನಿವಾರ

ಮನೆ ಈಗ ಶಾಂತವಾಗಿದೆ. ಹೊತ್ತಿಗೆ ಸರಿಯಾಗಿ ಎಲ್ಲ ನಡೆಯುತ್ತದೆ. ಏಳಕ್ಕೆ ಟೀ, ಎಂಟಕ್ಕೆ ತಿಂಡಿ, ಗುಬ್ಬಿ ಆರರಿಂದ ಎಂಟು ಓದು. ಹಾಸ್ಟೆಲಿನಲ್ಲಿ ಇಷ್ಟಾದರೂ ಕಲಿತೆನಲ್ಲ.

ಗುಬ್ಬಿ ಇವತ್ತು ಕಾರಿನ ಬಾಗಿಲನ್ನು ದಢಾರ್ ಅಂತ ಹಾಕಿದಳು. ಹಳೆಯ ಬಾಗಿಲು, ಕೀಲು ಸಡಿಲ, ನೂರು ಸಲ ಹೇಳಿದ್ದೇನೆ. ಸಿಟ್ಟು ನೆತ್ತಿಗೇರಿತು. ಆದರೆ ನಾನು ಅಪ್ಪನಲ್ಲ. ಕೈಕಟ್ಟಿಕೊಂಡು "ಸಮಾಧಾನ, ಸಮಾಧಾನ" ಅಂದುಕೊಂಡೆ. ಆಮೇಲೆ "ಸೆಲ್ಫ್, ಐದು" ಅಂದೆ. ಅವಳಿಗೆ ಅರ್ಥವಾಗಲಿಲ್ಲ, ತೋರಿಸಿಕೊಟ್ಟೆ. ಮೊದಲ ಎರಡು ಮೆತ್ತಗಿದ್ದವು, ಒಂದರಿಂದ ಶುರು ಮಾಡಿಸಿದೆ.

ನಾನು ಮುಟ್ಟಲೂ ಇಲ್ಲ ಅವಳನ್ನು. ಇದನ್ನು ಹೊಡೆತ ಅನ್ನಲಾಗುವುದಿಲ್ಲ.

ಮೇ ೨೯, ಗುರುವಾರ

ಕಾರು ಮತ್ತೆ ಎರಡನೇ ಸಲಕ್ಕೆ ಸ್ಟಾರ್ಟ್ ಆಗುತ್ತಿದೆ. ಬ್ಯಾಟರಿ ಅಕ್ಕನ ಅಂಗಡಿಗೆ ಹೋಗಿ, ಹಾಕಿದ್ದು ಡೂಪ್ಲಿಕೇಟ್ ಸ್ವಿಚ್ಚಾ ಅಂತ ಕೇಳಿದೆ.

ಅವಳು ನನ್ನ ಕೈ ನೋಡಿದಳು. "ಮತ್ತೆ ಗೊಂಚಲು ನೇತುಹಾಕಿದ್ಯಾ? ಏನ್ ಹೇಳಿದ್ದೆ ನಾನು?"

"ಕಾರು ನಂದು. ನೀವು ಸ್ವಿಚ್ ವಿಷ್ಯ ಮಾತಾಡಿ."

"ನಂದು ಅಂತೆ. ಹೋಗೋ, ಹೋಗಿ ಕೀ ಬಿಡಿಸು, ಸರಿ ಹೋಗುತ್ತೆ."

ಮೇಜಿಗೆ ಗುದ್ದಿದೆ. ಗೊಂಚಲು ಕೈಯಲ್ಲೇ ಇತ್ತು, ಮರದಲ್ಲಿ ಕಚ್ಚು ಬಿತ್ತು. ಅಕ್ಕ ಹೆದರಲಿಲ್ಲ. ನನ್ನ ಮಣಿಕಟ್ಟು ಹಿಡಿದು ಬೆರಳನ್ನು ಮೇಜಿನ ಅಂಚಿಗೆ ಎಳೆದು ಸವರಿಸಿದಳು. ಅಲ್ಲೊಂದು ಹಳೆಯ ಕಚ್ಚಿತ್ತು, ಎಣ್ಣೆ ಕುಡಿದು ಕಪ್ಪಾದದ್ದು.

"ಇದು ನಿಮ್ಮಪ್ಪಂದು. ಆರು ವರ್ಷ ಆಯ್ತು. ನಿಂದು ಅದಕ್ಕಿಂತ ಆಳ ಇದೆ, ನೋಡ್ಕೋ." ಆಮೇಲೆ ಕುತ್ತಿಗೆಯ ಟೆಸ್ಟ್ ಲ್ಯಾಂಪ್ ತೆಗೆದು ನನ್ನ ಮುಂದೆ ಎಸೆದಳು. "ತಗೊಂಡು ಹೋಗು, ನೀನೇ ನೋಡ್ಕೊ. ಈ ಬಾಗಿಲಿಗೆ ಮತ್ತೆ ಬರ್ಬೇಡ."

ಹೆಂಗಸಿಗೆ ತಲೆ ಕೆಟ್ಟಿದೆ. ಕಳಪೆ ಮಾಲು ಹಾಕಿ ಮೇಲೆ ಭಾಷಣ.

ಜೂನ್ ೨, ಸೋಮವಾರ

ಬೆಳಿಗ್ಗೆ ಮೂರನೇ ಸಲಕ್ಕೂ ಸ್ಟಾರ್ಟ್ ಆಗಲಿಲ್ಲ. ಒಳಗೆ ಒಲೆ ಆರಿದ ಸದ್ದು ಕೇಳಿಸಿತು. ನಾನು ಇನ್ನೂ ಏನೂ ಅಂದೇ ಇರಲಿಲ್ಲ.

ಬಾನೆಟ್ ಎತ್ತಿ ಗುಬ್ಬಿಯನ್ನು ಕೂಗಿದೆ. ಡ್ರೈವರ್ ಸೀಟಿನಲ್ಲಿ ಕೂರಿಸಿ, ಗೇರ್ ನ್ಯೂಟ್ರಲ್ ಮಾಡಿ, ನಾನು ಆಚೆ ಬದಿಗೆ ಹೋಗಿ ಟೆಸ್ಟ್ ಲ್ಯಾಂಪ್ ಹಿಡಿದೆ.

"ಸೆಲ್ಫ್ ಹೊಡಿ!"

ಫಟ್ ಅಂತು. ಸ್ಟಾರ್ಟರ್ ಸದ್ದಲ್ಲ. ಲ್ಯಾಂಪ್ ಹತ್ತಲಿಲ್ಲ.

"ಏನೇ ಮಾಡ್ತಿದ್ದೀಯ? ಸೆಲ್ಫ್ ಹೊಡಿ ಅಂದೆ!"

ಫಟ್. ಫಟ್. ಒಂದಕ್ಕಿಂತ ಒಂದು ಜೋರು. ಬಾನೆಟ್ ಬಳಸಿ ಹೋಗುವಷ್ಟರಲ್ಲಿ ಇನ್ನೆರಡು ಕೇಳಿದವು. ಗುಬ್ಬಿ ನೆಟ್ಟಗೆ ಕೂತಿದ್ದಳು. ಎಡಗೆನ್ನೆ ಕೆಂಪಗೆ, ಇನ್ನೂ ಪೂರ್ತಿ ಮಾಯದ ಹುಬ್ಬಿನ ಗಾಯ ಬಾಯಿ ಬಿಟ್ಟು ಒಂದು ಹನಿ ಕಣ್ಣಿನ ಅಂಚಿಗೆ ಬಂದಿತ್ತು.

"ಐದು ಆಯ್ತಣ್ಣ" ಅಂದಳು. "ಮೆತ್ತಗೆ ಹೊಡ್ಕೊಂಡಿಲ್ಲ."

ನಗು ತಡೆಯಲಾಗಲಿಲ್ಲ. ಥೇಟ್ ನನ್ನ ಹಾಗೇ! "ಅಯ್ಯೋ ಪೆದ್ದು, ಕಾರಿನ ಸೆಲ್ಫು ಕಣೇ, ಸ್ಟಾರ್ಟರು!" ಅಂದೆ. ಬ್ಯಾಟರಿ ಅಕ್ಕನ ಕಥೆಯನ್ನೂ ಹೇಳೋಣ ಅಂತಿದ್ದೆ. ಅವಳು ನಗಲಿಲ್ಲ. ಬಾಗಿಲನ್ನು ಬಹಳ ಮೆತ್ತಗೆ ಹಾಕಿ ಇಳಿದಳು. ಕಿಟಕಿಯ ಹಿಂದೆ ಅಪ್ಪ ಎದ್ದು ನಿಂತಿದ್ದ. ನಾನು ತಿರುಗಿದ ಕೂಡಲೇ ಕೂತ.

ನಾನೇ ಕೂತು ಕೀ ತಿರುಗಿಸಿದೆ. ಸ್ಟಾರ್ಟ್ ಆಯಿತು. ಸ್ವಿಚ್ಚಿನದ್ದೇನೂ ತೊಂದರೆ ಇಲ್ಲ ಅನಿಸುತ್ತದೆ.

ಅಮ್ಮ ಬಾಗಿಲಿಗೆ ಬಂದಳು. ನನ್ನ ಮುಖ ನೋಡಲಿಲ್ಲ, ಗೊಂಚಲು ಹಿಡಿದಿದ್ದ ಕೈ ನೋಡಿದಳು.

"ಟೀ ಆಯ್ತು, ಬನ್ನಿ" ಅಂದಳು.

ಇಬ್ಬರನ್ನೂ ಸೇರಿಸಿ ಕರೆದಳು ಅಂದುಕೊಂಡು ಹಿಂದೆ ತಿರುಗಿ ನೋಡಿದೆ. ಗುಬ್ಬಿ ಆಗಲೇ ಒಳಗೆ ಹೋಗಿಯಾಗಿತ್ತು. ಬಚ್ಚಲಮನೆಯ ಚಿಲಕ ಬಿದ್ದ ಸದ್ದು ಕೇಳಿಸಿತು.